ಒಂಬತ್ತು ನೀರಲ್ಲಿ ತೊಳೆದ ಖೀಮಾ

ಖೂಬಾ ಪ್ಲಾಟ್, ಕಲಬುರಗಿ
11 ನವೆಂಬರ್ 2024

ರಾಜೇಶ್ರೀ,

ನಿನ್ನ ನಂಬರಿಗೆ ನನ್ನ ಫೋನು ಹತ್ತುವುದಿಲ್ಲ. ಬೇರೆಯವರ ಫೋನಿನಿಂದ ಹಚ್ಚಬಹುದಿತ್ತು. ಗಂಡ ಹೆಂಡತಿಯ ಜೊತೆ ಮಾತಾಡಲು ಇನ್ನೊಬ್ಬರ ಫೋನು ಬೇಡುವಷ್ಟು ನಾನು ಇಳಿದಿಲ್ಲ. ಕಮಲಾಪುರದಿಂದ ಕೆಂಪು ಬಾಳೆಹಣ್ಣು ತರುವ ಟೆಂಪೋದ ಅಕ್ರಮ್ ದಿನಾ ನಿನ್ನ ಹಾಸ್ಟೆಲಿನ ಮುಂದೆಯೇ ಹಾಯುತ್ತಾನಂತೆ. ಈ ಕಾಗದ ಅವನ ಕೈಯಲ್ಲಿ ಕೊಟ್ಟಿದ್ದೇನೆ. ಉತ್ತರವೂ ಅವನ ಕೈಯಲ್ಲೇ ಬರಲಿ.

ಅವ್ವನಿಗೆ ಲಕ್ವಾ ಹೊಡೆದು ಎರಡು ತಿಂಗಳಾಯಿತು. ಹತ್ತೊಂಬತ್ತು ದಿನದಿಂದ ಊಟ ಬಿಟ್ಟಿದ್ದಾಳೆ. ದಿನಕ್ಕೆ ಒಂದು ಲೋಟ ಹಾಲು ಹೇಗೋ ಇಳಿಯುತ್ತದೆ. ಗಂಜಿ, ಬೇಳೆಕಟ್ಟು, ಹಿಸುಕಿದ ಬಾಳೆಹಣ್ಣು ಏನು ಹಾಕಿದರೂ ತುಟಿಯ ಅಂಚಿನಿಂದ ಹೊರಗೆ ಬಿಡುತ್ತಾಳೆ. ನುಂಗಲು ಬರುತ್ತದೆ, ನುಂಗುವುದಿಲ್ಲ. ಡಿಸೆಂಬರ್ ಎರಡರೊಳಗೆ ತಾನಾಗಿ ಉಣ್ಣದಿದ್ದರೆ ಮೂಗಿನಲ್ಲಿ ನಳಿಗೆ ಇಳಿಸುವುದಾಗಿ ಡಾಕ್ಟರು ಹೇಳಿದ್ದಾರೆ.

ಈ ಹತ್ತೊಂಬತ್ತು ದಿನದಲ್ಲಿ ಅವಳು ಆಡಿದ್ದು ಒಂದೇ ಮಾತು. "ರಾಜಿ ಮಾಡೂ ಖೀಮಾದ ಉಂಡಿ ಕೊಡ್ರಿ. ಆಲೂಗಡ್ಡಿ ಮೆತ್ತಗ ಕಲಸಿ." ಎಪ್ಪತ್ತು ವರ್ಷ ಲಿಂಗಪೂಜೆ ಮಾಡದೆ ನೀರು ಮುಟ್ಟದ ಬಾಯಿಂದ ಕೊಚ್ಚಿದ ಮಾಂಸದ ಈ ಬೇಡಿಕೆ ಬಂತು. ಮೆದುಳಿಗೆ ಪೆಟ್ಟು ಬಿದ್ದವರು ಏನನ್ನೂ ಬೇಡಬಹುದು ಎಂದು ಡಾಕ್ಟರು ಸಮಾಧಾನ ಹೇಳಿದರು. ನನಗೆ ಸಮಾಧಾನ ಬೇಕಿರಲಿಲ್ಲ, ಕಾರಣ ಗೊತ್ತಿತ್ತು. ನಮ್ಮ ಹಿತ್ತಲ ತಗಡಿನ ಶೆಡ್ಡಿನಿಂದ ನೀನು ಇಪ್ಪತ್ತು ವರ್ಷ ಹರಡಿದ ವಾಸನೆ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿರಬೇಕು. ಕೇಳಿದ್ದನ್ನು ಒಮ್ಮೆ ಕೊಟ್ಟು ನೋಡಿ ಎಂದವರೂ ಆ ಡಾಕ್ಟರೇ. ಅದಕ್ಕಾಗಿ ಮಾತ್ರ ಬರೆಯುತ್ತಿದ್ದೇನೆ.

ಮಾಡುವ ವಿಧಾನವನ್ನು ಕ್ರಮವಾಗಿ ಬರೆದು ಕಳಿಸು. ಪ್ರಮಾಣ ಗ್ರಾಮಿನಲ್ಲಿ, ಸಮಯ ನಿಮಿಷದಲ್ಲಿ. ನಿನ್ನನ್ನು ಬಾ ಎಂದು ಕರೆಯುತ್ತಿಲ್ಲ, ತಪ್ಪು ತಿಳಿಯಬೇಡ.

ಗುರುಪ್ರಸಾದ


ಕಮಲಾಪುರ
13 ನವೆಂಬರ್ 2024

ಲೆಕ್ಚರರ್ ಸಾಹೇಬರಿಗೆ,

ಕಾಗದ ಮುಟ್ಟಿತು. ಆರು ವರ್ಷದ ಮ್ಯಾಲ ಬಂದ ಮೊದಲನೇ ಕಾಗದ. ಅದರಾಗ ಹ್ಯಾಂಗಿದ್ದಿ ಅಂತ ಒಂದು ಮಾತಿಲ್ಲ, ಗ್ರಾಮ್ ಎಷ್ಟು ಮಿನಿಟ್ ಎಷ್ಟು ಅಂತ ಅದ. ನೀವು ಕೇಳದಿದ್ರೂ ಹೇಳ್ತೀನಿ, ಬೇಷಿದ್ದೀನಿ. ಅರವತ್ತು ಹುಡುಗ್ಯಾರಿಗೆ ಎರಡು ಹೊತ್ತು ಅಡಿಗಿ ಮಾಡಸ್ತೀನಿ. ಒಬ್ಬಾಕಿನೂ ತುಟಿಯಿಂದ ಹೊರಗ ಬಿಡೂದಿಲ್ಲ.

ಖೀಮಾದ ಉಂಡಿ ಮಾಡಾಕ ಮೊದಲ ಬೋಗಾಣಿ ಬೇಕು. ನನ್ನ ಬೋಗಾಣಿ ನೀವು ಗುಜರಿಯವಗ ಕೊಟ್ಟೀರಿ. ಅವನ್ನ ಹುಡುಕಿ ಕೇಳ್ರಿ, ರೀತಿನೂ ಅವನೇ ಹೇಳಿದ್ರ ಹೇಳಿದ.

ವಾಸನಿ ಹರಡಿದೆ ಅಂತ ಬರದೀರಿ. ಮದುವಿ ಆದ ವರ್ಷ ನಿಮ್ಮ ಸಂಘದವರ ಸ್ಟೇಜಿನ ಮ್ಯಾಲ ನನ್ನ ಬಾಜೂಕ ನಿಲ್ಲಿಸಿ, ಜಾತಿ ಬಿಟ್ಟ ಧೀರ ಅಂತ ಹಾರ ಹಾಕಿಸಿಕೊಂಡ್ರಲ್ಲ, ಆಗ ಮೂಗು ಕಟ್ಟಿತ್ತೇನು? ಅವತ್ತೇ ಸಂಜಿಕಿ ಮನಿಗಿ ಬಂದು ನನ್ನ ತಾಟು ಶೆಡ್ಡಿನ್ಯಾಗ ಬ್ಯಾರೆ ಇಟ್ರಿ. ಹಾರದ ಹೂವು ಇನ್ನೂ ಬಾಡಿದ್ದಿಲ್ಲ.

ರಾಜೇಶ್ರೀ

ಅತ್ತಿ ಬಲಗೈ ಏಳತದೇನು? ಕೂಡಿಸಿದ್ರ ಕೂಡತಾಳೇನು? ಮಲಗಿಸಿ ಏನೂ ಹಾಕಬ್ಯಾಡ್ರಿ, ನೆತ್ತಿಗೆ ಏರತದ.


ಖೂಬಾ ಪ್ಲಾಟ್
16 ನವೆಂಬರ್ 2024

ರಾಜೇಶ್ರೀ,

ಬಲಗೈ ಏಳುವುದಿಲ್ಲ, ಎಡಗೈ ಏಳುತ್ತದೆ. ಮೂರು ದಿಂಬು ಆನಿಸಿದರೆ ಕೂರುತ್ತಾಳೆ.

ತಾಟಿನ ವಿಷಯ. ಅದು ಒಂದು ಏರ್ಪಾಡು. ನನಗೆ ಆ ನಂಬಿಕೆಗಳು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಒಂದು ಮನೆಯಲ್ಲಿ ಎರಡು ನಾಲಿಗೆ ಇದ್ದಾಗ ಮೂರನೆಯವನು ನಡುವೆ ಗೆರೆ ಎಳೆಯಬೇಕಾಗುತ್ತದೆ. ಶೆಡ್ಡಿನಲ್ಲಿ ನೀನು ಏನು ಬೇಕಾದರೂ ಬೇಯಿಸು, ಅದು ಅಡುಗೆಮನೆಯ ಹೊಸ್ತಿಲು ದಾಟಬಾರದು. ಇಷ್ಟೇ ಇದ್ದದ್ದು. ಇದಕ್ಕಿಂತ ಉದಾರವಾದ ಗೆರೆಯನ್ನು ಖೂಬಾ ಪ್ಲಾಟಿನ ಯಾವ ಮನೆಯಲ್ಲಿ ಎಳೆದಿದ್ದರು, ಹೇಳು.

ಅದನ್ನು ದಾಟಿದವಳು ನೀನು. ನೀನು ಮನೆ ಬಿಟ್ಟ ದಿನ ಕಾಲೇಜು ಬೇಗ ಬಿಟ್ಟಿತ್ತು. ಮಳೆಯಲ್ಲಿ ತೊಯ್ದು ಬಂದೆ. ಬೋಗುಣಿ ಒಳಗಿನ ಒಲೆಯ ಮೇಲೆ ಕುದಿಯುತ್ತಿತ್ತು. ಅವ್ವ ಗೋಡೆಗೆ ಆನಿಕೊಂಡು, ಒಂದು ಮಾತೂ ಹೊರಡದೆ ನಿಂತಿದ್ದಳು. ಆ ಮುಖವನ್ನು ನೋಡಿ ನಾನು ಬೋಗುಣಿ ಎತ್ತಿ ಅಂಗಳಕ್ಕೆ ಎಸೆದೆ. ನಿನ್ನ ಮೇಲಿನ ಸಿಟ್ಟಿನಿಂದ ಅಲ್ಲ. ಒಬ್ಬ ಮುದುಕಿ ತನ್ನದೇ ಅಡುಗೆಮನೆಯಲ್ಲಿ ಹಾಗೆ ಮೂಕಳಾಗಿ ನಿಲ್ಲಬಾರದು ಎಂದು. ನೀನು ಚೀಲ ತುಂಬಿದ್ದು ನಿನ್ನ ನಿರ್ಧಾರ.

ಈಗ ಕಾರ್ತಿಕ. ಒಂದನೇ ತಾರೀಖಿನ ಅಮಾವಾಸ್ಯೆ ಮುಗಿಯಲಿ ಎಂದಿದ್ದೇನೆ, ಅವ್ವನ ಸಲುವಾಗಿ. ಅಷ್ಟರಲ್ಲಿ ವಿಧಾನ ಬಂದಿರಲಿ. ಮಾಡುವವಳು ಮಸ್ತಾನಬಿ. ಹಿಂದಿನ ಓಣಿಯವಳು, ನಿನಗೆ ಬೇಕಾದವಳೇ. ಈಗ ಅವ್ವನನ್ನು ನೋಡಿಕೊಳ್ಳಲು ದಿನಾ ಬರುತ್ತಾಳೆ. ನಾನು ಆ ಪದಾರ್ಥವನ್ನು ಮುಟ್ಟುವ ಪ್ರಶ್ನೆಯೇ ಇಲ್ಲ.

ಗುರುಪ್ರಸಾದ


ಕಮಲಾಪುರ
18 ನವೆಂಬರ್ 2024

ಸಾಹೇಬರಿಗೆ,

ದೇವರಿಲ್ಲ ಅಂತ ಮೂವತ್ತು ವರ್ಷ ಭಾಷಣ ಮಾಡಿದವರಿಗೆ ಕಾರ್ತಿಕ ಹ್ಯಾಂಗ ನೆನಪಾತು? ಹಸಿದ ಮುದುಕಿ ಪಂಚಾಂಗ ನೋಡತಾಳೇನು? ಒಂದನೇ ತಾರೀಖಿಗೆ ಅಮಾಸಿ, ಎರಡನೇ ತಾರೀಖಿಗೆ ನಳಿಗಿ. ನಿಮ್ಮ ಗೆರಿ ಎಳಿಯೂ ಚಟ ಇನ್ನೂ ಹೋಗಿಲ್ಲ.

ಬರಕೋರಿ. ನಿಮ್ಮ ಸಲುವಾಗಿ ಅಲ್ಲ. ಗ್ರಾಮ್ ನನಗ ಗೊತ್ತಿಲ್ಲ.

ಕುರಿ ಮುಂಗಾಲಿನ ಮ್ಯಾಲಿನ ಮಾಂಸ, ಎಲುವಿಲ್ಲದ್ದು, ಅರ್ಧ ಕಿಲೋ. ಮಶಿನ್ನಿಗೆ ಎರಡು ಸಲ ಹಾಕಿಸಬೇಕು. ಅಂಗಡಿಯವ ಒಂದು ಸಲ ಹಾಕಿ ಕೈಗೆ ಕೊಡತಾನ, ಎದುರಿಗೆ ನಿಂತು ಹಾಕಿಸ್ಕೋಬೇಕು. ನಿಂದ್ರಾಕ ನಾಚಿಕಿ ಬಂದ್ರ ಮಸ್ತಾನಬಿ ನಿಂದ್ರತಾಳ. ಉಳ್ಳಾಗಡ್ಡಿ ಸಣ್ಣಗ ಹೆಚ್ಚಿ, ಉಪ್ಪು ಹಚ್ಚಿ, ಅರಿವ್ಯಾಗ ಹಿಂಡಿ ನೀರು ತಗೀರಿ. ಹಸಿಶುಂಠಿ, ಬಳ್ಳೊಳ್ಳಿ, ಕೊತಂಬ್ರಿ. ಪುಟಾಣಿ ಪುಡಿ ಎರಡು ಮುಷ್ಟಿ. ಎಲ್ಲಾ ಕೂಡಿಸಿ ಅಂಗೈಲೆ ನಾದಬೇಕು, ರೊಟ್ಟಿ ಹಿಟ್ಟು ನಾದಿದಂಗ, ಖೀಮಾ ಕೈಗೆ ಅಂಟೂತನಕ. ಕೈಬಿಟ್ಟು ಬರಾಕತ್ರ ಇನ್ನೂ ಆಗಿಲ್ಲ ಅಂತ ತಿಳೀರಿ.

ಉಂಡಿ ಬಾರಿಕಾಯಿಯಷ್ಟು ಸಣ್ಣವಿರಲಿ. ಅತ್ತಿ ಎರಡು ಬಟ್ಟಿಲೆ ಒತ್ತಿ ಮುರೀತಾಳ, ದೊಡ್ಡದಿದ್ರ ಮುಟ್ಟೂದಿಲ್ಲ.

ರಸಕ್ಕ ಉಳ್ಳಾಗಡ್ಡಿ, ಒಣಕೊಬ್ಬರಿ ಸುಟ್ಟು ಅರೀಬೇಕು. ಅರಿಷಿಣ, ಚೂರೇ ಖಾರ. ಕುದಿ ಬಂದ ಮ್ಯಾಲ ಉರಿ ಸಣ್ಣ ಮಾಡಿ ಉಂಡಿ ಒಂದೊಂದೇ ಬಿಡ್ರಿ. ಆಮ್ಯಾಲ ಚಮಚಾ ಹಾಕಬಾರದು. ಅರಿವಿಲೆ ಹಿಡಿದು ಬೋಗಾಣಿನೇ ಅಲಗಾಡಸಬೇಕು.

ಆಲೂಗಡ್ಡಿ ಸಿಪ್ಪಿ ಸಮೇತ ಕುದಿಸಿ, ಕೈ ಸುಡೂವಾಗೇ ಸುಲದು, ಲೋಟದ ತಳದಿಂದ ಹಿಸುಕ್ರಿ. ಬೆಣ್ಣಿ, ಉಪ್ಪು, ಬಿಸಿಹಾಲು. ತಣ್ಣಂದು ಹಾಕಿದ್ರ ಗೋಂದು ಆಗತದ. ಇದು ನಮ್ಮವ್ವ ಪುತಳಾಬಾಯಿ ರಸ್ತೆ ಕೆಲಸದ ಸಾಹೇಬರ ಕ್ಯಾಂಪಿನ್ಯಾಗ ಅಡಿಗಿ ಮಾಡೂವಾಗ ಕಲ್ತದ್ದು. ತಾಟಿನ್ಯಾಗ ಆಲೂಗಡ್ಡಿ ಗುಂಪಿ ಮಾಡಿ, ನಡುವ ಕುಳಿ ತಗದು, ಕುಳ್ಯಾಗ ಉಂಡಿ ಇಟ್ಟು ಮ್ಯಾಲ ರಸ ಹಾಕಬೇಕು. ಮೆಣಸಿನ ಪುಡಿ ಉದುರಸಬ್ಯಾಡ್ರಿ, ಅತ್ತಿಗೆ ಸೇರೂದಿಲ್ಲ.

ಇಷ್ಟೇ. ಇದಕ್ಕ ಪಿಎಚ್‌ಡಿ ಬೇಕಾಗಿಲ್ಲ.

ರಾಜೇಶ್ರೀ


ಖೂಬಾ ಪ್ಲಾಟ್
28 ನವೆಂಬರ್ 2024

ರಾಜೇಶ್ರೀ,

ನಿನ್ನ ವಿಧಾನದಲ್ಲಿ ದೋಷವಿದೆ.

ಮಸ್ತಾನಬಿ ಮಂಗಳವಾರ ಮಾಡಿದಳು. ಅಮಾವಾಸ್ಯೆಗೆ ಕಾಯಲಿಲ್ಲ, ಅವ್ವನ ತೂಕ ಇನ್ನೂ ಇಳಿದಿದೆ. ನೀನು ಬರೆದದ್ದನ್ನು ಬರೆದ ಕ್ರಮದಲ್ಲೇ ಮಾಡಲಾಯಿತು, ನಾನು ಹತ್ತಿರ ನಿಂತು ಓದಿ ಹೇಳುತ್ತಿದ್ದೆ. ಮಿಶ್ರಣ ಎಷ್ಟು ನಾದಿದರೂ ಕೈಗೆ ಅಂಟಲಿಲ್ಲ. ಉಂಡೆಗಳು ರಸಕ್ಕೆ ಬಿದ್ದ ಎರಡನೇ ನಿಮಿಷಕ್ಕೆ ಬಿಚ್ಚಿಕೊಂಡವು. ಬೋಗುಣಿಯ ತಳದಲ್ಲಿ ಬೂದುಬಣ್ಣದ ಮರಳು ಉಳಿಯಿತು. ಪುಟಾಣಿ ಪುಡಿ ಹಿಡಿದಿಡುತ್ತದೆ ಎಂಬುದು ನಿಮ್ಮ ಕಡೆಯ ಮೂಢನಂಬಿಕೆಗಳಲ್ಲಿ ಒಂದಿರಬೇಕು.

ಅವ್ವ ನಾಲಿಗೆಗೆ ಮುಟ್ಟಿಸಿಕೊಂಡು ಗೋಡೆಯ ಕಡೆ ಹೊರಳಿದಳು. "ಇದು ಉಂಡಿ ಅಲ್ಲ, ರೇತಿ" ಎಂದಳು. ಆಲೂಗಡ್ಡೆ ಮಾತ್ರ ಮೂರು ಚಮಚ ಒಳಗೆ ಹೋಯಿತು. ಐದು ವಾರದಲ್ಲಿ ಹಲ್ಲಿಲ್ಲದ ಆ ವಸಡು ಅಲುಗಾಡಿದ್ದು ಅದೇ ಮೊದಲು. ಮೂರು ಚಮಚ ಸಾಲದು ಎಂದು ಡಾಕ್ಟರು ಹೇಳಿದರು. ಸೋಮವಾರ ನಳಿಗೆ ತರುತ್ತಾರೆ.

ಇನ್ನೊಂದು ಮಾತು. ಅವ್ವ ಎರಡು ಬೆರಳಿನಿಂದ ಒತ್ತಿ ಮುರಿಯುತ್ತಾಳೆ, ಅವಳಿಗೆ ಮೆಣಸು ಸೇರುವುದಿಲ್ಲ ಎಂದು ಬರೆದಿದ್ದೀ. ನೋಡಿದವರ ಹಾಗೆ ಬರೆದಿದ್ದೀ. ಇದನ್ನು ಹತ್ತು ದಿನ ಯೋಚಿಸಿದೆ. ಸೇಡು ತೀರಿಸಿಕೊಳ್ಳುವ ಉತ್ಸಾಹದಲ್ಲಿ ಕಲ್ಪಿಸಿಕೊಂಡದ್ದೆಂದು ತೀರ್ಮಾನಿಸಿದ್ದೇನೆ. ಎದ್ದು ಉತ್ತರ ಹೇಳಲಾಗದ ಮುದುಕಿಯ ಮೇಲೆ ಇಂಥದನ್ನು ಹೊರಿಸುವುದು ನಿನ್ನ ಮಟ್ಟಕ್ಕೂ ಕಡಿಮೆಯದು.

ಗುರುಪ್ರಸಾದ


ಕಮಲಾಪುರ
29 ನವೆಂಬರ್ 2024

ಸಾಹೇಬರಿಗೆ,

ನಿಮ್ಮ ಕಾಗದ ಓದಿ ನಕ್ಕೆ. ಹುಡುಗ್ಯಾರು ಬಂದು "ಯಾಕ್ರೀ ಮೇಡಂ?" ಅಂದ್ರು. "ನಮ್ಮನಿಯವರು ಅಡಿಗಿ ಮಾಡ್ಯಾರ" ಅಂದೆ.

ಮಸ್ತಾನಬಿ ಎಂಟು ವರ್ಷದಾಕಿ ಇದ್ದಾಗಿಂದ ಖೀಮಾ ನಾದಾಕತ್ಯಾಳ. ಅಕಿ ಕೈಯಾಗಿನ ಉಂಡಿ ಬಾವ್ಯಾಗ ಒಗದ್ರೂ ಬಿಚ್ಚೂದಿಲ್ಲ. ಖೀಮಾ ಬೂದು ಆಗೂದು ಒಂದಕ್ಕೇ, ತೊಳದಾಗ. ಉಣ್ಣೂ ಮಂದಿ ಮಾಂಸ ಮೊದಲ ತೊಳಸ್ತಾರ, ಆಮ್ಯಾಲ ಮಶಿನ್ನಿಗೆ ಹಾಕಸ್ತಾರ. ಮಶಿನ್ನಿಂದ ಬಂದ ಖೀಮಾನ್ನ ಅಕ್ಕಿ ತೊಳದಂಗ ತೊಳಿಯೋರು ಕಲಬುರಗಿ ಊರಾಗ ಒಬ್ಬರೇ ಇದ್ದಾರ. ಅವರ ಅಕ್ಷರ ನನಗ ಗೊತ್ತದ.

ಎಷ್ಟು ನೀರು ತೊಳದ್ರಿ? ಐದು? ಏಳು? ಕೆಂಪು ಹೋಗಿ ನೀರು ತಿಳಿ ಆಗೂತನಕ ತೊಳದಿರ್ತೀರಿ. ಆ ಕೆಂಪೇ ಅಂಟು, ಸಾಹೇಬರೇ. ಕೆಮಿಸ್ಟ್ರಿ ಕಲಸೂ ಮನಷ್ಯಾಗ ಇದು ನಾ ಹೇಳಬೇಕು. ತೊಳೀಬಾರದು ಅಂತ ನಾ ಬರೀಲಿಲ್ಲ, ಖರೇ. ಉಣ್ಣೂವಾಗ ಬಾಯಿ ತಗೀರಿ ಅಂತನೂ ಬರದಿದ್ದಿಲ್ಲ.

ಐತವಾರ ಇನ್ನೊಮ್ಮೆ ಮಾಡ್ರಿ. ತೊಳೀಬ್ಯಾಡ್ರಿ. ಹೇಸಿಗಿ ಅನಸ್ತದ, ಅನಸಲಿ. ನನಗ ಇಪ್ಪತ್ತು ವರ್ಷ ನಿಮ್ಮ ಮನ್ಯಾಗ ಅನಿಸ್ಯದ, ಸತ್ತಿಲ್ಲ.

ಎರಡು ಬಟ್ಟಿನ ಮಾತು ನನ್ನ ಕೇಳಬ್ಯಾಡ್ರಿ. ಆರು ವರ್ಷ ನಾ ಯಾರಿಗೂ ಹೇಳಿಲ್ಲ, ಈಗ ಕಾಗದದಾಗ ಬರದು ಹಗುರ ಆಗೂದಿಲ್ಲ. ಅತ್ತಿಗೆ ಹೊಟ್ಟಿ ತುಂಬಿಸಿ ಅಕಿನ್ನೇ ಕೇಳ್ರಿ.

ರಾಜೇಶ್ರೀ


ಖೂಬಾ ಪ್ಲಾಟ್
2 ಡಿಸೆಂಬರ್ 2024

ರಾಜೇಶ್ರೀ,

ಒಂಬತ್ತು. ಎಣಿಸಿದ್ದೆ.

ಮಸ್ತಾನಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆರನೇ ನೀರಿಗೆ "ಅಲ್ರೀ ಸರ, ಅದು ಖೀಮಾನೋ ಧೋತರಾನೋ?" ಎಂದಳು. ನಿನಗೇನು ತಿಳಿಯುತ್ತದೆ ಎಂದು ಹೇಳಿ ಅವಳನ್ನು ಹೊರಗೆ ಕಳಿಸಿದೆ. ನಾದಿದವನು ನಾನೇ, ಅವಳು ಮಾಡಿದಳೆಂದು ನಿನಗೆ ಬರೆದೆ. ಒಂದು ಸುಳ್ಳು ಬಿಚ್ಚಿಕೊಳ್ಳದಂತೆ ಏನು ಬೆರೆಸಬೇಕೆಂದು ಬಲ್ಲೆ ಎಂದುಕೊಂಡಿದ್ದೆ.

ನಿನ್ನೆ, ಅಮಾವಾಸ್ಯೆಯ ದಿನವೇ, ಮತ್ತೆ ಮಾಡಿದೆ. ತೊಳೆಯಲಿಲ್ಲ. ಅಂಗಡಿಯ ಮುಂದೆ ನಾನೇ ನಿಂತೆ. ನನ್ನ ಇಬ್ಬರು ವಿದ್ಯಾರ್ಥಿಗಳು ನಮಸ್ಕಾರ ಮಾಡಿದರು, ನನ್ನ ಕೈಯಲ್ಲಿದ್ದ ಕಪ್ಪು ಚೀಲವನ್ನು ನೋಡಲಿಲ್ಲವೆಂಬಂತೆ ನೋಡಿದರು. ನಾದುವಾಗ ಖೀಮಾ ಕೈಗೆ ಅಂಟಿತು. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ನಲ್ಲಿಯ ಕೆಳಗೆ ಕೈ ಒಡ್ಡಬೇಕೆನ್ನಿಸಿದಾಗಲೆಲ್ಲ ನಿನ್ನ ಕಾಗದದ ಹೀಯಾಳಿಕೆ ನೆನಪಾಗಿ ನಾದುತ್ತ ಹೋದೆ. ಕೆಲವರ ತಿರಸ್ಕಾರ ಬೇರೆಯವರ ಪ್ರೋತ್ಸಾಹಕ್ಕಿಂತ ಉಪಯುಕ್ತ.

ಉಂಡೆಗಳು ಉಳಿದವು.

ಅವ್ವ ಎಡಗೈ ಚಾಚಿದಳು. ಎರಡು ಬೆರಳಿನಿಂದ ಒತ್ತಿ ಮುರಿದಳು. ಆಲೂಗಡ್ಡೆಯಲ್ಲಿ ಹೊರಳಿಸಿ ಬಾಯಿಗೆ ಇಟ್ಟುಕೊಂಡಳು. ಅಭ್ಯಾಸವಿದ್ದ ಕೈ ಅದು, ನೋಡಿದರೆ ಗೊತ್ತಾಗುತ್ತದೆ. ನಾಲ್ಕು ತಿಂದಳು. ನಂತರ ನಡೆದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ.

"ಉಪ್ಪು ಕಮ್ಮಿ ಆಗ್ಯದ, ಗುರು."

"ನಿನಗ ಹ್ಯಾಂಗ ಗೊತ್ತವ್ವ? ನೀ ಎಂದ ತಿಂದಿದ್ದಿ?"

"ಎಂದಂದ್ರ? ಶುಕ್ರವಾರಕ್ಕೊಮ್ಮೆ. ನೀ ಕಾಲೇಜಿಗೆ ಹ್ವಾದ ಮ್ಯಾಲ."

ಹಲ್ಲು ಕೀಳಿಸಿಕೊಂಡ ವರ್ಷ ರೊಟ್ಟಿ ಮುರಿಯಲಾಗದೆ ಶೆಡ್ಡಿನಲ್ಲಿ ನಿನ್ನ ಎದುರು ಬಂದು ಕೂತಳಂತೆ. ಮೊದಲು ಬರೀ ಆಲೂಗಡ್ಡೆ. ಆಮೇಲೆ ರಸ ತಾಗಿದ ಆಲೂಗಡ್ಡೆ. "ರಸ ಹತ್ತಿದ ಮ್ಯಾಲ ಉಂಡಿ ಏನು ಪಾಪ ಮಾಡಿತ್ತೋ?" ಎಂದು ನನ್ನನ್ನೇ ಕೇಳಿದಳು.

"ಮತ್ತ ಬೋಗಾಣಿ ಒಳಗ ಇತ್ತಲ್ಲ, ಆ ದಿನ?"

"ಮಳಿ ಬಂತು. ತಗಡು ಸೋರಾಕತ್ತಿತ್ತು. ನಾನೇ ಒಳಗ ತಂದಿಟ್ಟೆ. ಅಕಿ ಬ್ಯಾಡ್ರೀ ಅತ್ತಿ, ಬ್ಯಾಡ್ರೀ ಅಂತ ಸೆರಗು ಜಗ್ಗಿದಳು."

ಬಾಯಿ ಒರೆಸಿಸಿಕೊಂಡು ಮಲಗಿದಳು. ಇವತ್ತು ಡಾಕ್ಟರು ಬಂದು ತಾಟು ನೋಡಿ, ನಳಿಗೆಯನ್ನು ಚೀಲದಿಂದ ತೆಗೆಯದೆ ಹೋದರು.

ಇಪ್ಪತ್ತು ವರ್ಷ ನಾನು ಕಾದ ಗೆರೆಯ ಎರಡೂ ಕಡೆ ಒಂದೇ ಪಂಕ್ತಿ ಕೂತಿತ್ತು. ಗೆರೆಯ ಮೇಲೆ ನಿಂತವನು ನಾನೊಬ್ಬನೇ. ಕ್ಷಮೆ ಕೇಳಬೇಕು. ಆ ಪದವನ್ನು ವೇದಿಕೆಯ ಮೇಲೆ ಎಷ್ಟು ಸಲ ಬಳಸಿದ್ದೇನೆಂದರೆ, ಬರೆದರೆ ನೀನು ಚಪ್ಪಾಳೆ ತಟ್ಟುತ್ತೀಯೇನೋ ಎಂದು ಭಯ. ಬಜಾರಿಗೆ ಹೋಗಿ ಒಂದು ಬೋಗುಣಿ ಕೊಂಡಿದ್ದೇನೆ. ಅಕ್ರಮ್ ತರುತ್ತಾನೆ.

ಗುರುಪ್ರಸಾದ


ಕಮಲಾಪುರ
4 ಡಿಸೆಂಬರ್ 2024

ಸಾಹೇಬರಿಗೆ,

ಬೋಗಾಣಿ ಮುಟ್ಟಿತು. ಖಾಲಿ ಭಾಂಡೆ ಯಾರ ಮನಿಗೂ ಕಳಸಬಾರದು, ಒಂದು ಹಿಡಿ ಸಕ್ರಿನಾದರೂ ಹಾಕಬೇಕು ಅಂತ ಓಣ್ಯಾಗಿನ ಸಣ್ಣ ಹುಡುಗ್ಯಾರಿಗೂ ಗೊತ್ತಿರತದ. ನೀವು ಭಾಂಡೆ ಅಂಗಡಿ ರಶೀದಿ ಹಾಕಿ ಕಳಿಸೀರಿ. ತಳ ತೆಳ್ಳಗದ. ಉಂಡಿ ಹತ್ತತಾವ. ಹುಡುಗ್ಯಾರ ಶೇಂಗಾ ಹುರಿಯಾಕ ಇಟ್ಟೀನಿ.

ಅತ್ತಿ ಖರೇ ಹೇಳ್ಯಾಳ, ಅರ್ಧ. ಉಳದ ಅರ್ಧ ನನ್ನ ಹತ್ರ ಅದ.

ಅವತ್ತ ಅಕಿ ಗ್ವಾಡಿಗೆ ಆನಿಕೊಂಡು ಮಾತಿಲ್ಲದ ನಿಂತಿದ್ದಳು, ಅದನ್ನ ನೋಡಲಾರದ ಬೋಗಾಣಿ ಒಗದೆ ಅಂತ ಬರದಿದ್ರಿ. ಮಾತು ಯಾಕ ಬರಲಿಲ್ಲ? ಬಾಯಾಗ ಉಂಡಿ ಇತ್ತು. ಎಡಗಲ್ಲ ಉಬ್ಬಿತ್ತು. ನಾ ನೋಡಾಕತ್ತಿದ್ದೆ. ಇಷ್ಟು ಓದಿದವರು ನೀವು, ತುಂಬಿದ ಬಾಯಿ ನೋಡಿ ದುಃಖ ಅಂತ ತಿಳಕೊಂಡ್ರಿ.

ನಾ ಕಾದೆ. ನುಂಗತಾಳ, ನುಂಗಿ ಹೇಳತಾಳ ಅಂತ. ನುಂಗಿದಳು. ಹೇಳಲಿಲ್ಲ. ನಾ ಚೀಲ ತುಂಬೂತನಕ ವ್ಯಾಳ್ಯಾ ಇತ್ತು, ಆಟೋ ಬರೂತನಕ ಇತ್ತು. ಅಕಿ ಬಾಯಿ ಒರಸಿಕೊಂಡು ಜಪಮಣಿ ತಗೊಂಡು ಕೂತಳು. ಗಂಡನ್ನ ಬಿಟ್ಟು ಬಂದಾಳ ಅಂತ ಕಮಲಾಪುರ ಎಲ್ಲಾ ಅಂತದ. ನಿಮ್ಮನ್ನ ಬಿಡಾಕ ಅಂಥಾ ದೊಡ್ಡ ಕಾರಣ ಬೇಕಿದ್ದಿಲ್ಲ. ನಾ ಬಿಟ್ಟು ಬಂದದ್ದು ಅಕಿನ್ನ. ಶುಕ್ರವಾರಕ್ಕೊಮ್ಮೆ ನನ್ನ ತಾಟಿನ್ಯಾಗ ಉಂಡಾಕಿನ್ನ.

ನಾ ಖೂಬಾ ಪ್ಲಾಟಿಗೆ ಬರೂದಿಲ್ಲ. ನೀವು ಕರದಿಲ್ಲ, ಕರದ್ರೂ ಬರೂದಿಲ್ಲ. ಆದ್ರ ನೀವು ನಾಲ್ಕು ಉಂಡಿ ಉಣಿಸಿ ಗೆದ್ದೆ ಅಂತ ಕೂತ್ರ ಮುದುಕಿ ಒಂದು ವಾರದಾಗ ಮತ್ತ ತುಟಿ ಬಿಗೀತಾಳ. ನಿಮ್ಮ ಉಪ್ಪಿನ ಕೈ ನನಗ ಗೊತ್ತದ. ಐತವಾರ ಅಕಿನ್ನ ಇಲ್ಲಿಗೆ ಕರಕೊಂಡು ಬರ್ರಿ. ಮುಂದಿನ ಬಾಗಲದಾಗ ಮೆಟ್ಟಲಿಲ್ಲ, ಗಾಲಿ ಕುರ್ಚಿ ಸೀದಾ ಒಳಗ ಬರತದ. ಅಕಿಗೆ ಅಡಿಗಿಮನ್ಯಾಗ ಒಲಿ ಹತ್ರ ಜಾಗ ಮಾಡೀನಿ. ಎಷ್ಟು ದಿನ ಇರತಾಳೋ ಇರಲಿ. ಸಿಟ್ಟು ಎದುರಿಗೆ ಕೂಡಿಸಿಕೊಂಡೇ ಮಾಡತೀನಿ, ಉಣಿಸಿದ ಮ್ಯಾಲ.

ನೀವೂ ಉಣ್ಣಾಂಗಿದ್ರ ಹಿತ್ತಲದಾಗ ಕಟಗಿ ಇಡೂ ತಗಡಿನ ಶೆಡ್ಡದ. ಮಳಿ ಬಂದ್ರ ಸೋರತದ. ಅಡಿಗಿಮನಿ ಹೊಸ್ತಲ ಮಾತ್ರ ದಾಟಬಾರದು. ಅದೊಂದು ಏರ್ಪಾಡು.

ರಾಜೇಶ್ರೀ


ಖೂಬಾ ಪ್ಲಾಟ್
6 ಡಿಸೆಂಬರ್ 2024

ರಾಜಿ,

ಐತವಾರ ಹನ್ನೊಂದಕ್ಕ ಬರತೇವಿ. ಅವ್ವ ಇಳಕಲ್ ಸೀರಿ ತಗಸ್ಯಾಳ. ಹಲ್ಲಿನ ಸೆಟ್ಟು ಇಟ್ಟಕೊಳ್ಳಂದ್ರ ಬ್ಯಾಡ ಅಂದಳು. "ಅಲ್ಲಿ ಉಂಡಿ ಮೆತ್ತಗ ಇರತಾವ. ನಿನ್ನಂಗ ಗುಂಡು ಮಾಡೂದಿಲ್ಲ ಅಕಿ."

ನೀ ಬರದದ್ದನ್ನ ಅಕಿಗೆ ಓದಿ ಹೇಳಿದೆ, ಗಲ್ಲ ಉಬ್ಬಿದ್ದನ್ನೂ. ಆಮ್ಯಾಲ ಅಂದಳು, "ಅಕಿ ನೋಡಿದ್ದಳೇನು?" ಮಧ್ಯಾಹ್ನ ಉಣ್ಣಲಿಲ್ಲ. ಸಂಜಿಕಿ ಎರಡು ಉಂಡಿ ಉಂಡಳು.

ಶೆಡ್ಡು ಆಗಲಿ. ನನ್ನ ತಾಟು ನಾನೇ ತರಬೇಕೇನು? ಅಕ್ರಮ್ ಕೈಯಾಗ ಹೇಳಿ ಕಳಸು.

ಗುರು

ಬೋಗಾಣಿ ವಾಪಸ್ ಕೊಡಬ್ಯಾಡ. ಸಕ್ರಿ ತರತೇನಿ.